ಲಗ್ನಪತ್ರಿಕೆಯ ಮೇಲೆ ‘ಕರಡು’ ಮುದ್ರೆ ಬಿದ್ದ ಬಗ್ಗೆ

ಸಂಖ್ಯೆ: ಮೆನು/ಉಳಿಸು-ರಫ್ತು/ತಿದ್ದುಪಡಿ/14
ಪೆರುಂಗುಡಿ, ಚೆನ್ನೈ

ವಿಷಯ: ತಂತ್ರಾಂಶದ ‘ಉಳಿಸು’ ಮತ್ತು ‘ರಫ್ತು’ ಆಯ್ಕೆಗಳು ಮನುಷ್ಯರಿಗೆ ಅರ್ಥವಾಗಬೇಕಾದ ಬಗ್ಗೆ.

ಉಲ್ಲೇಖ: 1. ಪೋರೂರಿನ ಶ್ರೀ ಗುಂಡಣ್ಣನವರ ದೂರವಾಣಿ ಕರೆ.
2. ಅದೇ ಮಹನೀಯರ, ಮೊದಲಿಗಿಂತ ತಣ್ಣಗಿನ ಎರಡನೇ ಕರೆ.

ಪೀಠಿಕೆ: ಈ ವಿಭಾಗದ ಹಿರಿಯ ಪರೀಕ್ಷಕಿ ಶ್ರೀಮತಿ ಸುಮತಿಯವರು ಮಗಳು ಮಧುರಾಳ ಲಗ್ನಪತ್ರಿಕೆಯನ್ನು ಹೊರಗಿನ ತಂತ್ರಾಂಶ ನಂಬದೆ ವಿಭಾಗದ ತಂತ್ರಾಂಶದಲ್ಲೇ ಸಿದ್ಧಪಡಿಸಿದ್ದು ಅಭಿನಂದನೀಯ. ಮೆನುವಿನಲ್ಲಿ ‘ಉಳಿಸು’, ‘ಹೀಗೆ ಉಳಿಸು’, ‘ಪ್ರತಿ ಉಳಿಸು’, ‘ರಫ್ತು’ ಎಂಬ ನಾಲ್ಕು ಆಯ್ಕೆಗಳಿದ್ದು, ಉಳಿಸದೆ ರಫ್ತು ಮಾಡಿದರೆ ‘ಕರಡು: ಬದಲಾವಣೆಗೆ ಒಳಪಟ್ಟಿದೆ’ ಎಂಬ ಮುದ್ರೆ ತಾನಾಗಿ ಬೀಳುವುದೆಂದು ಎಲ್ಲಿಯೂ ತಿಳಿಸಿರಲಿಲ್ಲ. ಪರದೆಯಲ್ಲಿ ಕಾಣದ ಮುದ್ರೆ, ಪತ್ರಿಕೆಯು ವಾಟ್ಸಾಪ್‌ನಲ್ಲಿ ಬೀಗರ ಮನೆ ತಲುಪಿದಾಗ ವರ ಚಿ. ಪ್ರಮೋದನ ಹೆಸರಿನ ಮೇಲೆ ಅಡ್ಡಲಾಗಿ ಕಾಣಿಸಿಕೊಂಡಿತು. ವರನ ತಂದೆ ಗುಂಡಣ್ಣನವರು ಕೇಳಿದ್ದು: “ಏನ್ರಮ್ಮಾ, ಬದಲಾಗೋದು ಮುಹೂರ್ತವಾ, ನಮ್ಮ ಹುಡುಗನಾ? ಕರೆಕ್ಟಾ ಹೇಳಿಬಿಡಿ, ಪರವಾಗಿಲ್ಲ.” ಸಂಬಂಧವೇ ಮುರಿಯುವುದೆಂಬ ಅಂಜಿಕೆಯಿಂದ ಸುಮತಿಯವರು ಅಂದಿನಿಂದ ಊಟದ ಡಬ್ಬಿ ತೆರೆಯದಿರುವುದನ್ನು ವಿಭಾಗ ಗಮನಿಸಿದೆ. ಆದುದರಿಂದ ಸಂಬಂಧಪಟ್ಟ ಎಲ್ಲರ ಪಾಲನೆಗಾಗಿ:

1. ‘ಉಳಿಸು’ ಒತ್ತಿದರೆ ಕಡತ ಉಳಿಯತಕ್ಕದ್ದು. ವಿನಾಯಿತಿ ಕೋರುವ ಇಂಜಿನಿಯರುಗಳು ಕಾರಣವನ್ನು ಇದೇ ತಂತ್ರಾಂಶದಲ್ಲಿ ಬರೆದು, ಉಳಿಸಿ ತೋರಿಸತಕ್ಕದ್ದು.

2. ‘ಹೀಗೆ ಉಳಿಸು’ ಎನ್ನುವ ಮೊದಲು ಹೇಗೆಂದು ತಿಳಿಸತಕ್ಕದ್ದು.

3. ‘ರಫ್ತು’ ಪದವನ್ನು ಬಂದರಿನವರಿಗೆ ಬಿಟ್ಟುಕೊಡಲಾಗಿದೆ. ಬದಲಿಗೆ ‘ಬೇರೆಯವರಿಗೆ ಕಳಿಸಲು ಪಿಡಿಎಫ್ ಮಾಡು’ ಎಂದಿರತಕ್ಕದ್ದು. ಹೆಸರು ಉದ್ದವಾಯಿತೆಂದು ಆಕ್ಷೇಪಿಸಿರುವ ವಿನ್ಯಾಸಕ ಶ್ರೀ ಉದಯ್ ಅವರಿಗೆ ತಮ್ಮದೇ ಮೇಜಿನ ಮೂರು ಸಾಲಿನ ನಾಮಫಲಕವನ್ನು ಒಮ್ಮೆ ಓದಿಕೊಳ್ಳುವಂತೆ ಸೂಚಿಸಲಾಗಿದೆ.

4. ಕಳಿಸಿದ ಮೇಲೆ ಕಾಣುವುದನ್ನೇ ಕಳಿಸುವ ಮೊದಲೂ ತೋರಿಸತಕ್ಕದ್ದು. ಲಗ್ನಪತ್ರಿಕೆಯಾದಲ್ಲಿ, ಮನೆಯ ಹಿರಿಯರೊಬ್ಬರು ಕನ್ನಡಕ ಹುಡುಕಿ ಹಾಕಿಕೊಳ್ಳುವವರೆಗೂ ‘ಮುಂದುವರಿ’ ಗುಂಡಿ ಕೆಲಸ ಮಾಡತಕ್ಕದ್ದಲ್ಲ.

5. ‘ಕರಡು’ ಮುದ್ರೆ ಮನುಷ್ಯರ ಹೆಸರಿನ ಮೇಲೆ ಬೀಳತಕ್ಕದ್ದಲ್ಲ. ಮದುವೆಯ ನಂತರ ಬದಲಾವಣೆಗೆ ಒಳಪಡುವುದು ಎಲ್ಲ ವರರಿಗೂ ಸಹಜವಾದರೂ, ಅದನ್ನು ಮುಂಚಿತವಾಗಿ ಪ್ರಕಟಿಸುವಂತಿಲ್ಲ.

6. ಎರಡನೇ ಕರೆಯಲ್ಲಿ ಗುಂಡಣ್ಣನವರು, ಮುದ್ರೆಯ ಮಾತು ಹಾಗಿರಲಿ, ಬೀಗರ ಮನೆಗೆ ಪತ್ರಿಕೆ ಅರಿಶಿನ ಕುಂಕುಮವಿಲ್ಲದೆ ಫೋನಿನಲ್ಲಿ ಬರುವುದುಂಟೇ ಎಂದು ವಿಚಾರಿಸಿರುತ್ತಾರೆ. ಪರಿಶೀಲಿಸಲಾಗಿ, ನಾಲ್ಕು ಆಯ್ಕೆಗಳ ಪೈಕಿ ಯಾವುದರಲ್ಲೂ ಕುಂಕುಮದ ಸೌಲಭ್ಯ ಕಂಡುಬಂದಿರುವುದಿಲ್ಲ. ಆದ್ದರಿಂದ ‘ಮನೆಗೆ ಹೋಗಿ ಕೊಡು’ ಎಂಬ ಐದನೇ ಆಯ್ಕೆಯನ್ನು ಸೇರಿಸಲಾಗಿದೆ. ಒತ್ತಿದೊಡನೆ ಕಡತ ಉಳಿದು, ಅಚ್ಚಾಗಿ, ಕಂಪ್ಯೂಟರ್ ತಾನೇ ಆರಿ, ಅರ್ಧ ದಿನದ ರಜೆ ಮಂಜೂರಾಗುತ್ತದೆ.

7. ಸದರಿ ಆಯ್ಕೆಯ ಪ್ರಥಮ ಪರೀಕ್ಷೆಯನ್ನು ಸುಮತಿಯವರೇ ನಿನ್ನೆ ಪೋರೂರಿನಲ್ಲಿ ನಡೆಸಿರುತ್ತಾರೆ. ಬೀಗರು ಊಟಕ್ಕೆ ಕೂರಿಸಿ, ಎರಡನೇ ಸಲ ಪಾಯಸ ಬಡಿಸಿದ ಕಾರಣ ಉಳಿದರ್ಧ ದಿನದ ರಜೆಯನ್ನೂ ಕೋರಿದ್ದು, ಮಂಜೂರು ಮಾಡಲಾಗಿದೆ.

ಸಹಿ/-
(ಶ್ರೀಕಾಂತ್)
ಅಧೀಕ್ಷಕರು, ಮೆನು ವಿಭಾಗ

ಪ್ರತಿಗಳು:
1. ಶ್ರೀ ಉದಯ್, ವಿನ್ಯಾಸಕರು: ಪಾಲನೆಗಾಗಿ.
2. ರಕ್ಷಾ ಕಡತ: ಉಳಿದಿದೆಯೇ ಎಂದು ನೋಡಿಕೊಂಡು.
3. ಶ್ರೀ ಗುಂಡಣ್ಣ, ಪೋರೂರು: ಖುದ್ದಾಗಿ.
4. ಕಲ್ಯಾಣ ಮಂಟಪದ ವ್ಯವಸ್ಥಾಪಕರು, ಎಗ್ಮೋರ್: ಮುಹೂರ್ತದಲ್ಲಿ ಬದಲಾವಣೆ ಇಲ್ಲ.
5. ಚಿ. ಪ್ರಮೋದ್: ತಮ್ಮಲ್ಲೂ ಇಲ್ಲ.