ಯಮನ ನಲವತ್ತೇಳನೇ ಲೆವೆಲ್ಲು

ಆದದ್ದೆಲ್ಲ ಒಂದು ಸೀನಿನಿಂದ.

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಗುಂಡುಸೂಜಿ, ಬಾಡಿಗೆಗೆ ತಂದು ಟೀವಿಯ ಮೇಲಿಟ್ಟಿದ್ದ ವಿಡಿಯೋ ಗೇಮ್ ಕ್ಯಾಸೆಟ್ಟನ್ನು ಎತ್ತಿಕೊಂಡು ಅದರ ಬಾಯಿಗೆ ಉಫ್ ಎಂದು ಊದಿದಳು. ಹಾಕುವ ಮುಂಚೆ ಊದಬೇಕು ಎನ್ನುವುದು ಆಗಿನ ಮಕ್ಕಳೆಲ್ಲ ಪಾಲಿಸುತ್ತಿದ್ದ ನಿಯಮ. ಯಾಕೆಂದು ಯಾರೂ ಕೇಳಿರಲಿಲ್ಲ. ಧೂಳು ಎದ್ದಿತು, ಎದ್ದದ್ದು ಮೂಗಿಗೆ ಹೋಯಿತು. ಮೂಗು ಆಗಲೇ ಏನೂ ಹೇಳಲಿಲ್ಲ. ಕ್ಯಾಸೆಟ್ ಆಟದ ಪೆಟ್ಟಿಗೆಯೊಳಗೆ ಕೂತು, ಟೀವಿ ಬೆಳಗಿ, ಪರದೆಯ ಮೇಲೆ ಎರಡು ಸಾಲು ಮೂಡಿ, ಮೇಲಿನ ಸಾಲಿನಲ್ಲಿ ಯಾರೋ ಅರ್ಧಕ್ಕೆ ಬಿಟ್ಟಿದ್ದ ಆಟವನ್ನು ಅಳಿಸಲೆಂದು ಅವಳು ಹೆಬ್ಬೆರಳನ್ನು ಗುಂಡಿಯ ಮೇಲಿಡುವ ತನಕ ಮೂಗು ತಾಳ್ಮೆಯಿಂದ ಕಾದಿತ್ತು.

ಆಮೇಲೆ ಬಂತು ಸೀನು.

ಅವಳು ಕಣ್ಣು ತೆರೆಯುವಷ್ಟರಲ್ಲಿ ಹೆಬ್ಬೆರಳು ತಾನಾಗಿಯೇ ಮೂರು ಕೆಲಸ ಮುಗಿಸಿತ್ತು. ಬಾಣದ ಗುರುತನ್ನು ಕೆಳಗಿನ ಸಾಲಿಗೆ ಇಳಿಸಿತ್ತು, ಅಳಿಸು ಎಂದಿತ್ತು, ಖಂಡಿತವಾಗಿಯೂ ಅಳಿಸಬೇಕೇ ಎಂದು ಕೇಳಿದ್ದಕ್ಕೆ ಹೌದು ಎಂದಿತ್ತು. ಕೆಳಗಿನ ಸಾಲು ಖಾಲಿಯಾಗಿತ್ತು.

ಕೆಳಗಿನ ಸಾಲು ಯಮನದು.

ಗುಂಡುಸೂಜಿಗೆ ಹತ್ತು ವರ್ಷ. ಮೈ ಸಣ್ಣ, ತಲೆ ದೊಡ್ಡದು. ಹಾಗಾಗಿ ಬೀದಿಯವರು ಆ ಹೆಸರಿಟ್ಟಿದ್ದರು. ಬೆಳಿಗ್ಗೆ ಕ್ಯಾಸೆಟ್ ಅಂಗಡಿಯ ಅಂಕಲ್ ಎರಡೆರಡು ಸಲ ಹೇಳಿ ಕಳಿಸಿದ್ದರು.

"ಮೇಲಿನ ಸಾಲು ನಿಮ್ಮಂಥೋರಿಗೆ. ಏನಾದ್ರೂ ಮಾಡ್ಕೋ. ಕೆಳಗಿಂದು ಮುಟ್ಬೇಡ. ಅದು ಯಮಂದು."

"ಯಾರಂಕಲ್ ಯಮ?"

"ನಿಂಗ್ಯಾಕೆ ಅದೆಲ್ಲ? ವಾರಪೂರ್ತಿ ಈ ಕ್ಯಾಸೆಟ್ ಅವರ ಹತ್ರಾನೇ ಇರುತ್ತೆ. ಭಾನುವಾರ ಒಂದಿನ ಅವರಿಗೆ ಆಗಲ್ಲ, ಅದಕ್ಕೇ ನಿಂಗೆ ಸಿಕ್ತು. ಸಂಜೆ ಆರಕ್ಕೆ ಸರಿಯಾಗಿ ಬಂದು ನಿಂತ್ಬಿಡ್ತಾರೆ. ಅಷ್ಟರೊಳಗೆ ತಂದ್ಕೊಡು. ಇಲ್ಲಾಂದ್ರೆ ನನ್ನ ಕತೆ ಮುಗೀತು."

ಅಂಕಲ್ ಕೆಮ್ಮಿದರೆ ಕಪಾಟಿನ ಕ್ಯಾಸೆಟ್ಟುಗಳು ಅಲುಗುತ್ತಿದ್ದವು. ಅಂಥವರು ಯಮನ ಹೆಸರೆತ್ತುವಾಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ್ದರು.

ಯಮನನ್ನು ಮಕ್ಕಳು ಯಾರೂ ಕಂಡಿರಲಿಲ್ಲ. ಪರದೆಯ ಮೇಲೆ ವೈ, ಎ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ನಲವತ್ತೇಳು ಎಂಬ ಅಂಕಿ, ಅಷ್ಟೇ ಅವನ ಗುರುತು. ಲಾರಿ ಡ್ರೈವರ್ ಎಂದು ಕೆಲವರು, ಜೈಲಿನಿಂದ ಬಂದವನು ಎಂದು ಕೆಲವರು. ಹಿಂದೊಮ್ಮೆ ಕೆಳಗಿನ ಸಾಲಿನಲ್ಲಿ ಆಡಲು ಹೋದ ಹುಡುಗನೊಬ್ಬ ಮರುವಾರದಿಂದ ಶಾಲೆಗೇ ಬಂದಿರಲಿಲ್ಲ. ಅವನ ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿತ್ತು ನಿಜ, ಆದರೆ ಅದನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ.

ಅಣ್ಣ ಬಿಸ್ಕತ್ತು ತಿನ್ನುತ್ತ ಒಳಗೆ ಬಂದ. ಬಿಸ್ಕತ್ತು 'ಇಲಿ ಪಾಷಾಣ' ಎಂಬ ಡಬ್ಬಿಯದು. ಮಕ್ಕಳು ಮುಟ್ಟದಿರಲಿ ಎಂದು ಅಮ್ಮ ಆ ಚೀಟಿ ಅಂಟಿಸಿದ್ದಳು. ಉಪಾಯ ಮೂರು ವಾರ ಕೆಲಸ ಮಾಡಿತ್ತು.

"ಯಾಕೇ, ಪೆಚ್ಚಾಗಿ ಕೂತಿದೀಯ?"

"ಯಮ ಹೋದ."

"ಎಲ್ಲಿಗೆ?"

"ಅಳಿಸಿಹೋದ."

ಅಣ್ಣನ ದವಡೆ ನಿಂತಿತು. ಪರದೆ ನೋಡಿದ, ತಂಗಿಯನ್ನು ನೋಡಿದ. "ನಿನ್ನ ಜಾಮಿಟ್ರಿ ಬಾಕ್ಸು ನಂಗೆ ಅಂತ ಒಂದು ಚೀಟಿ ಬರೆದಿಟ್ಟುಬಿಡು. ಆಮೇಲೆ ತಕರಾರು ಬೇಡ."

ಗುಂಡುಸೂಜಿ ಲೆಕ್ಕ ಹಾಕಿದಳು. ಅವಳಿಗೆ ಒಂದು ಲೆವೆಲ್ಲಿಗೆ ಸರಾಸರಿ ಒಂದೂವರೆ ಗಂಟೆ ಬೇಕು. ನಲವತ್ತೇಳಕ್ಕೆ ಎಪ್ಪತ್ತೂವರೆ ಗಂಟೆ. ಆರು ಗಂಟೆಗೆ ಉಳಿದಿದ್ದದ್ದು ಏಳೂಮುಕ್ಕಾಲು. ಲೆಕ್ಕ ಸರಿಯಾಗಿತ್ತು, ಅದೇ ತೊಂದರೆ. ತಪ್ಪಾಗಿದ್ದರೆ ಸ್ವಲ್ಪ ಹೊತ್ತಾದರೂ ಧೈರ್ಯವಾಗಿರಬಹುದಿತ್ತು.

ಹೇಳಿಕೊಳ್ಳೋಣವೆಂದರೆ ಅಮ್ಮ ಇರಲಿಲ್ಲ. ಚಿಕ್ಕಮ್ಮ ಮನೆ ಬದಲಾಯಿಸುತ್ತಿದ್ದಳೆಂದು ಬೆಳಿಗ್ಗೆಯೇ ಹೋಗಿದ್ದಳು. ಅಪ್ಪ ಪೇಪರು ಮುಖದ ಮೇಲೆ ಹೊದ್ದು ಮಲಗಿದ್ದ. ಅಪ್ಪನಿಗೆ ಹೇಳುವ ಮಾತೇ ಇಲ್ಲ. ವಿಡಿಯೋ ಗೇಮ್ ಭಾನುವಾರ ಮಾತ್ರ ಎಂಬುದು ಅವನ ಕಾನೂನು. ಎರಡು ವಾರದ ಹಿಂದೆ ಬುಧವಾರ ಆಫೀಸಿನಿಂದ ಬಂದವನು ಟೀವಿಯ ಬೆನ್ನು ಮುಟ್ಟಿ, ಬಿಸಿಯಾಗಿದೆ ಎಂದು ಗುಂಡುಸೂಜಿಯನ್ನು ಅರ್ಧ ಗಂಟೆ ಬೈದಿದ್ದ. ಆವತ್ತು ಅವಳು ಟೀವಿ ಮುಟ್ಟಿಯೇ ಇರಲಿಲ್ಲ. ಅಷ್ಟಕ್ಕೂ ಆಟದ ಪೆಟ್ಟಿಗೆ ಅವಳು ಬೇಡಿ ಪಡೆದದ್ದೂ ಅಲ್ಲ. ತರಗತಿಗೆ ಮೂರನೆಯವಳಾಗಿ ಬಂದದ್ದಕ್ಕೆ ಅವಳು ಕೇಳಿದ್ದು ಸೈಕಲ್ಲು. "ಸೈಕಲ್ಲು ಬೇಡ, ಬಿದ್ದು ಕೈಕಾಲು ಮುರ್ಕೋತಾಳೆ. ವಿಡಿಯೋ ಗೇಮ್ ಆದ್ರೆ ಮನೇಲೇ ಇರುತ್ತೆ" ಎಂದು ತೀರ್ಮಾನಿಸಿದವಳು ಅಮ್ಮ.

ಕ್ಯಾಸೆಟ್ಟನ್ನು ಎದೆಗವಚಿಕೊಂಡು ಅವಳು ಮೆಟ್ಟಿಲ ಮೇಲೆ ಬಂದು ಕೂತಳು. ಪಕ್ಕದ ಮನೆಯ ಕಾಂಪೌಂಡರ್ ತಾತ ಕರೆಯದೆಯೇ ಬಂದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧಿ ಕಲಸಿ ನಿವೃತ್ತರಾದವರು. ಈಗ ಬೀದಿಯವರೆಲ್ಲ ಅವರ ರೋಗಿಗಳು. ಕೈ ಹಿಡಿದು ನಾಡಿ ಎಣಿಸಿದರು.

"ನೂರ ಮೂವತ್ತು. ಜ್ವರ ಇಲ್ಲ. ಇದು ಹೆದರಿಕೆ. ಏನು ಮಾಡ್ಕೊಂಡೆ ಹೇಳು."

ಅವಳು ಹೇಳಿದಳು. ತಾತ ಕ್ಯಾಸೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ನೆನಪು ಅನ್ನೋದು ಹಂಗೆಲ್ಲಾ ಪೂರ್ತಿ ಹೋಗಲ್ಲ ಮಗು. ತಲೆಗೆ ಪೆಟ್ಟು ಬಿದ್ದೋರು ಎಷ್ಟು ಜನ ಮೂರನೇ ದಿನ ಎದ್ದು ಕೂತು ಹೆಂಡ್ತಿ ಹೆಸರು ಹೇಳಿಲ್ಲ? ಒಳಗಡೆ ಎಲ್ಲೋ ಅಡಗಿರುತ್ತೆ. ತೆಗೆದು ನೋಡ್ಬೇಕು ಅಷ್ಟೇ. ನಡಿ."

ಮೂಲೆಯ ರೇಡಿಯೋ ರಿಪೇರಿ ಅಂಗಡಿ ಭಾನುವಾರವಾದ್ದರಿಂದ ಅರ್ಧ ಮುಚ್ಚಿತ್ತು. ತಾತ ಶಟರಿನ ಕೆಳಗೆ ತಲೆ ತೂರಿಸಿ ರಿಪೇರಿ ಮಾಮನನ್ನು ಎಬ್ಬಿಸಿದರು. ಮಾಮ ಸಣ್ಣ ಸ್ಕ್ರೂಡ್ರೈವರಿನಿಂದ ಕ್ಯಾಸೆಟ್ ಬಿಚ್ಚಿದ. ಒಳಗೆ ಹಸಿರು ಹಲಗೆ, ಅದರ ಮೇಲೆ ಕೋಟಿನ ಗುಂಡಿಯಂಥ ಬೆಳ್ಳಗಿನ ಬ್ಯಾಟರಿ.

"ನೋಡಮ್ಮಾ, ಗುಟ್ಟೆಲ್ಲಾ ಇದರಲ್ಲಿದೆ. ಈ ಬ್ಯಾಟರಿ ಇರೋ ತನಕ ಕ್ಯಾಸೆಟ್ಟಿಗೆ ನೆನಪು. ಇದನ್ನ ತೆಗೆದ್ರೆ..." ಬೆಸುಗೆ ಕಡ್ಡಿ ತಾಗಿಸಿ ಟಕ್ಕನೆ ತೆಗೆದ. "...ಹಿಂಗೆ, ಇದ್ದದ್ದೆಲ್ಲಾ ಹೋಗ್ಬಿಡುತ್ತೆ."

"ಮತ್ತೆ ಯಾಕೆ ತೆಗೆದ್ರಿ ಮಾಮಾ?"

"ನಿಂಗೆ ಗೊತ್ತಾಗ್ಲಿ ಅಂತ."

ತಾತ ತಲೆದೂಗಿದರು. ಮಾಮ ಬ್ಯಾಟರಿಯನ್ನು ಮತ್ತೆ ಬೆಸೆದು, ಕ್ಯಾಸೆಟ್ ಮುಚ್ಚಿ ಬಿಗಿದ. ಮೇಜಿನ ಮೇಲೆ ಒಂದು ಸ್ಕ್ರೂ ಉಳಿಯಿತು. "ಇದು ಹೆಚ್ಚಿಂದು. ಕಂಪನಿಯೋರು ಸುಮ್ನೆ ಹಾಕಿರ್ತಾರೆ" ಎಂದು ಅದನ್ನು ತನ್ನ ಡಬ್ಬಿಗೆ ಹಾಕಿಕೊಂಡ. ಈಗ ಅಲ್ಲಾಡಿಸಿದರೆ ಕ್ಯಾಸೆಟ್ ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು. ಬೆಳಿಗ್ಗೆ ಕೆಳಗಿನ ಸಾಲು ಮಾತ್ರ ಹೋಗಿತ್ತು. ತಜ್ಞರಿಬ್ಬರು ಕೈಹಾಕಿದ ಮೇಲೆ ಮೇಲಿನ ಸಾಲೂ ಹೋಯಿತು.

ಮನೆಗೆ ಬಂದು ಟೀವಿ ಹಾಕಿದರೆ ಕರೆಂಟಿಲ್ಲ. ಒಂದರಿಂದ ಮೂರರವರೆಗೆ ಗುಂಡುಸೂಜಿ ಕಪ್ಪು ಪರದೆಯಲ್ಲಿ ತನ್ನ ದೊಡ್ಡ ತಲೆಯನ್ನೇ ನೋಡುತ್ತ ಕೂತಳು. ಬೀದಿಯಲ್ಲಿ ಲಾರಿಯ ಸದ್ದಾದಾಗಲೆಲ್ಲ ಮಂಚದ ಕೆಳಗೆ ಹೋಗಿ ಬಂದಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಕ್ಯಾಸೆಟ್ ವಾಪಸ್ಸು ಕೊಟ್ಟಾಗ ಅಂಕಲ್ ಅದನ್ನು ಅಂಗಡಿಯ ಟೀವಿಗೆ ಹಾಕಿ ನೋಡುತ್ತಾರೆ. ಆದರೆ ಅವರ ಕನ್ನಡಕಕ್ಕೆ ಅಕ್ಷರ ಕಂಡರೆ ಹೆಚ್ಚು, ಪಕ್ಕದ ಸಣ್ಣ ಅಂಕಿ ಕಾಣುವುದು ಅನುಮಾನ.

ಕರೆಂಟು ಬಂದ ಕೂಡಲೇ ಕೆಳಗಿನ ಸಾಲಿನಲ್ಲಿ ಯಮ ಎಂದು ಹೆಸರು ಹಾಕಿ ಆಡತೊಡಗಿದಳು. ಕಿವಿ ಬೀದಿಯ ಲಾರಿಗಳ ಕಡೆಗೇ ಇದ್ದುದರಿಂದ ಆಟದ ಮನುಷ್ಯ ಹಳ್ಳ ಕಂಡಲ್ಲೆಲ್ಲ ಬಿದ್ದ. ಐದರ ಹೊತ್ತಿಗೆ ಯಮ ಒಂದನೇ ಲೆವೆಲ್ಲು ದಾಟಿ ಎರಡಕ್ಕೆ ಬಂದಿದ್ದ.

"ಅಂಗಡಿಯೋನು ನಂಬ್ತಾನೆ. ಯಮ ನಂಬ್ತಾನಾ?" ಎಂದ ಅಣ್ಣ.

ಕಿಟಕಿಯಲ್ಲಿ ತಾತನ ತಲೆ ಕಾಣಿಸಿತು. "ಕ್ಷಮಾಪಣೆ ಪತ್ರ ಒಂದು ಬರೆದು ಕ್ಯಾಸೆಟ್ ಡಬ್ಬಿಲಿ ಇಟ್ಬಿಡು. ಹೆಸರು ಹಾಕ್ಬೇಡ, ಎಡಗೈಲಿ ಬರಿ. ತಪ್ಪನ್ನ ಮಾತ್ರ ಅಲ್ಲಿ ಇಲ್ಲದೋರ ಮೇಲೆ ಹಾಕು. ನಾನು ಆಸ್ಪತ್ರೆಲಿ ಮೂವತ್ತು ವರ್ಷ ಹಂಗೇ ಕಳೆದಿದ್ದು."

ಅಲ್ಲಿ ಇಲ್ಲದವಳು ಅಮ್ಮ ಒಬ್ಬಳೇ. ಗುಂಡುಸೂಜಿ ಗಣಿತದ ಪುಸ್ತಕದ ಹಾಳೆ ಹರಿದು ಎಡಗೈಯಲ್ಲಿ ಬರೆದಳು:

'ಮಾನ್ಯ ಯಮ ಅವರಿಗೆ, ನಿಮ್ಮ ನಲವತ್ತೇಳನೇ ಲೆವೆಲ್ಲು ಅಳಿಸಿಹೋಗಿದೆ. ಅದು ಸೀನಿನಿಂದ ಆದದ್ದು. ಸೀನು ಧೂಳಿನಿಂದ ಬಂದದ್ದು. ಧೂಳು ನಮ್ಮ ಟೀವಿಯ ಮೇಲಿನದು. ಟೀವಿ ಒರೆಸುವುದು ನಮ್ಮ ಅಮ್ಮನ ಕೆಲಸ, ಅವರು ಒರೆಸಿಲ್ಲ. ಆದ್ದರಿಂದ ತಪ್ಪು ಅಮ್ಮನದು. ಏನಾದರೂ ಮಾಡುವುದಿದ್ದರೆ ಅವರಿಗೆ ಮಾಡಿ. ಅವರು ಗಟ್ಟಿಯಾಗಿದ್ದಾರೆ. ಇಂತಿ, ಗುರುತಿಲ್ಲದವಳು.'

ಐದೂ ಐವತ್ತೈದಕ್ಕೆ ಅಂಗಡಿ ತಲುಪಿದಳು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಮಾಡಿದ ಇಕ್ಕಟ್ಟಿನ ಕೋಣೆ, ಗೋಡೆ ತುಂಬ ಕ್ಯಾಸೆಟ್ಟು, ಬಾಗಿಲು ಒಂದೇ. ಅಂಕಲ್ ಕ್ಯಾಸೆಟ್ಟನ್ನು ಟೀವಿಗೆ ಹಾಕಿ, ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ ನೋಡಿದರು.

"ಹೂಂ, ಯಮ ಇದಾರೆ. ಸರಿ." ಕ್ಯಾಸೆಟ್ ತೆಗೆದು, ಅಡಿಯಲ್ಲಿ ಪತ್ರವಿದ್ದ ಡಬ್ಬಿಯಲ್ಲಿಟ್ಟು ಮುಚ್ಚಿದರು. "ಇನ್ನು ಹೊರಡು ಮಗು. ಅವರು ಬರೋ ಹೊತ್ತು."

ಹೊರಡಬೇಕೆನ್ನುವಷ್ಟರಲ್ಲಿ ಹೊರಗೆ ಹೆಜ್ಜೆಯ ಸದ್ದು. ಇರುವ ಒಂದೇ ಬಾಗಿಲಿನಿಂದ ಯಮ ಬರುತ್ತಿದ್ದ. ಅವಳು ಖಾಲಿ ರಟ್ಟಿನ ಪೆಟ್ಟಿಗೆಗಳ ಹಿಂದೆ ನುಗ್ಗಿ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದಳು.

ಟಪ್, ಸರ್ರ್. ಟಪ್, ಸರ್ರ್.

ಅವಳಿಗೆ ಗೊತ್ತಿದ್ದ ಸದ್ದು. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತು, ಪಿನ್ನು ಹಾಕಿಕೊಂಡು ನಡೆಯುವವರು ಈ ಬೀದಿಯಲ್ಲಿ ಒಬ್ಬರೇ. ಕಣ್ಣು ತೆರೆದರೆ, ತರಕಾರಿ ಚೀಲ ಹಿಡಿದ ಅಮ್ಮ!

ತನ್ನನ್ನೇ ಹುಡುಕಿಕೊಂಡು ಬಂದಿದ್ದಾಳೆ. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಒಂದು ನಿಮಿಷ. ಈಗ ಯಮ ಬರುತ್ತಾನೆ. ಡಬ್ಬಿ ತೆರೆಯುತ್ತಾನೆ. ಪತ್ರ ಓದುತ್ತಾನೆ. ಎದುರಿಗೇ ಅಮ್ಮ ಇರುತ್ತಾಳೆ. ಗಟ್ಟಿಯಾಗಿದ್ದಾರೆ ಎಂದು ಬರೆದದ್ದು ಸುಳ್ಳು. ಅಮ್ಮನಿಗೆ ಬೆನ್ನುನೋವು, ಓಡಲೂ ಬರುವುದಿಲ್ಲ.

ಗುಂಡುಸೂಜಿ ತಾನು ಹೆದರಿದ್ದೇನೆಂಬುದನ್ನೇ ಮರೆತಳು. ಪೆಟ್ಟಿಗೆಗಳನ್ನು ಕೆಡವಿಕೊಂಡು ಹೊರಗೆ ಹಾರಿ ಅಮ್ಮನ ಸೆರಗು ಹಿಡಿದೆಳೆದಳು.

"ಅಮ್ಮಾ, ಓಡು! ಯಮ ಬರ್ತಾನೆ! ಅಳಿಸಿದ್ದು ನಾನು, ನೀನಲ್ಲ! ಓಡಮ್ಮಾ!"

ಅಮ್ಮ ಓಡಲಿಲ್ಲ. ಅವಳ ಒಂದು ಕೈ ಮುಂದಕ್ಕೆ ಚಾಚಿತ್ತು. ಅಂಕಲ್ ಎರಡೂ ಕೈಯಲ್ಲಿ ಡಬ್ಬಿಯನ್ನು ಆ ಕೈಗೆ ಒಪ್ಪಿಸುತ್ತಿದ್ದರು.

"ಇವಳು ನಿಮ್ಮ ಮಗಳಾ ಮೇಡಂ?" ಎಂದರು ಅಂಕಲ್, ಬೆಳಗಿನ ಅದೇ ತಗ್ಗಿದ ದನಿಯಲ್ಲಿ.

ಡಬ್ಬಿಯ ಮುಚ್ಚಳ ತೆರೆದುಕೊಂಡು ಪತ್ರ ಕೆಳಗೆ ಬಿತ್ತು. ಅಮ್ಮ ಅದನ್ನು ಎತ್ತಿ, ಮೊದಲಿಂದ ಕೊನೆಯವರೆಗೆ, ಆತುರವಿಲ್ಲದೆ ಓದಿದಳು.

"ಯಾರು ಒರೆಸಿಲ್ಲ?" ಎಂದು ಕೇಳಿದಳು. "ಯಾರು ಗಟ್ಟಿಯಾಗಿದಾರೆ?"

"ನೀನಾ ಯಮ?"

"ನನ್ನ ಹೆಸರೇ ಹಾಕಿದ್ರೆ ನೀವೆಲ್ಲ ಮುಟ್ಟದೇ ಬಿಡ್ತಿದ್ರಾ?"

ಇಲಿ ಪಾಷಾಣದ ಡಬ್ಬಿ ಗುಂಡುಸೂಜಿಯ ಕಣ್ಣ ಮುಂದೆ ಬಂದು ನಿಂತಿತು. ಅದರ ಹಿಂದೆಯೇ ಸಿಗದೇ ಹೋದ ಸೈಕಲ್ಲು. ಅದರ ಹಿಂದೆ ಟೀವಿಯ ಬಿಸಿ ಬೆನ್ನು.

"ಹಂಗಾದ್ರೆ ಆ ಬುಧವಾರ ಅಪ್ಪನ ಹತ್ರ ಸುಮ್ಸುಮ್ನೆ ಬೈಸ್ಕೊಂಡಿದ್ದು ನಾನು!"

ಅಮ್ಮ ತರಕಾರಿ ಚೀಲದೊಳಗೆ ಇಣುಕಿ ಏನನ್ನೋ ಹುಡುಕಿದಳು. ಗುಂಡುಸೂಜಿಯ ಗೆಲುವು ಅಷ್ಟು ಹೊತ್ತು ಇತ್ತು. ಆಮೇಲೆ ಅಮ್ಮ ತಲೆಯೆತ್ತಿದಳು. "ನಾಲ್ಕು ತಿಂಗಳು," ಎಂದಳು ಮೆಲ್ಲಗೆ. "ನಿಮ್ಮನ್ನೆಲ್ಲ ಕಳಿಸಿ, ಕೆಲಸ ಮುಗಿಸಿ, ಬೆನ್ನಿಗೆ ದಿಂಬು ಕೊಟ್ಕೊಂಡು, ನಾಲ್ಕು ತಿಂಗಳು. ಇನ್ನು ಮೂರೇ ಲೆವೆಲ್ಲಿತ್ತು." ಬೈಯಲಿಲ್ಲ, ಹೊಡೆಯಲಿಲ್ಲ. ಗುಂಡುಸೂಜಿಗೆ ಆ ದಿನವಿಡೀ ಆಗದಷ್ಟು ಹೆದರಿಕೆ ಆಗ ಆಯಿತು.

ಚಪ್ಪಲಿಯ ಟಪ್, ಸರ್ರ್ ಹಿಂದೆಯೇ ಗುಂಡುಸೂಜಿ ಮನೆಯ ಕಡೆ ನಡೆದಳು. ಗೇಟಿನ ಹತ್ತಿರ ಅಮ್ಮ ನಿಂತಳು.

"ಅಪ್ಪಂಗೆ ಹೇಳ್ತೀಯಾ?"

"ಇಲ್ಲ."

"ನಲವತ್ತೇಳು ವಾಪಸ್ ಬರೋ ತನಕ ಟೀವಿ ದಿನಾ ಬಿಸಿಯಾಗೇ ಇರುತ್ತೆ. ಗೊತ್ತಾಯ್ತಾ?"

ಗೊತ್ತಾಯಿತು.

ಸೋಮವಾರ ಸಂಜೆ ಅಪ್ಪ ಆಫೀಸಿನಿಂದ ಬಂದು, ಚೀಲ ಇಟ್ಟು, ಟೀವಿಯ ಬೆನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ.

"ಯಾರು?"

ಅಣ್ಣ ತಂಗಿಯನ್ನು ನೋಡಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಗುಂಡುಸೂಜಿ ಎದ್ದು ನಿಂತಳು.

"ನಾನೇ ಅಪ್ಪಾ."

ಅರ್ಧ ಗಂಟೆ ಬೈಗುಳ ನಡೆಯಿತು. ಮುಗಿದ ಮೇಲೆ ಅಮ್ಮ ಬಂದು, ಕೈಗೆ ಇಲಿ ಪಾಷಾಣದ ಡಬ್ಬಿಯ ಎರಡು ಬಿಸ್ಕತ್ತು ಇಟ್ಟು, ತಲೆ ಸವರುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿದಳು.

"ಒಂಬತ್ತು ಲೆವೆಲ್ಲಾಯ್ತು," ಎಂದಳು. "ಇನ್ನು ಮೂವತ್ತೆಂಟು."