ಬೂದಿ ನೀರು ಮತ್ತು ಮಾವನ ಪಂಚೆ

ನಾನು ಜಿಪುಣ. ಇಷ್ಟು ಧೈರ್ಯವಾಗಿ ಒಪ್ಪಿಕೊಳ್ಳುತ್ತಿರುವುದಕ್ಕೆ ಕಾರಣ, ಈಚೆಗೆ ಈ ಗುಣಕ್ಕೆ ಒಂದು ಮರ್ಯಾದೆಯ ಹೆಸರು ಬಂದಿದೆ. ಹಿಂದೆಲ್ಲ ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸಿದರೆ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಈಗ ಅದನ್ನೇ ಮಾಡಿದರೆ ಪರಿಸರ ಕಾಳಜಿ. ಚಾಮರಾಜನಗರದ ನಮ್ಮ ಕಚೇರಿಯಲ್ಲಿ ಒಂದು ದಿನ ನಮಗೆಲ್ಲ ತರಬೇತಿ ಇಟ್ಟಿದ್ದರು. ಪರಿಸರ ಉಳಿಸುತ್ತ ಮನೆಖರ್ಚು ಉಳಿಸುವುದು ಹೇಗೆ ಎಂಬ ವಿಷಯ. ದೀಪ ಆರಿಸಿ, ನೀರು ಮರುಬಳಸಿ, ಬಟ್ಟೆ ಚೀಲ ಹಿಡಿಯಿರಿ ಎಂದು ಬಂದವರು ಒಂದೊಂದಾಗಿ ಹೇಳುತ್ತಿದ್ದರೆ ನನಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷದಿಂದ ನಾನು ಯಾವುದಕ್ಕಾಗಿ ಬೈಸಿಕೊಳ್ಳುತ್ತಿದ್ದೆನೋ ಅದನ್ನೆಲ್ಲ ಮೈಕಿನಲ್ಲಿ ಹೊಗಳುತ್ತಿದ್ದರು. ಅವತ್ತು ಸಂಜೆ ಬಸ್ಸಿಗೂ ಕಾಯದೆ ನಡೆದೇ ಮನೆಗೆ ಬಂದೆ.

ನನ್ನ ಹೆಂಡತಿ ಮಂಗಳಾ ಇದಕ್ಕೆ ಮರುಳಾಗುವವಳಲ್ಲ. "ಹೆಸ್ರು ಬದ್ಲಾದ್ರೆ ಬುದ್ಧಿ ಬದ್ಲಾಯ್ತದಾ?" ಎಂದು ಕೇಳಿದಳು. ನಾನು ಹೊಸ ನಿಯಮಗಳನ್ನು ಜಾರಿಗೆ ತಂದೆ. ಕತ್ತಲಾಗುವವರೆಗೆ ಬಚ್ಚಲಿನ ದೀಪ ಹಾಕುವಂತಿಲ್ಲ, ಬೆಳಕಿಂಡಿ ಇರುವುದು ಯಾಕೆ? ಅಕ್ಕಿ ತೊಳೆದ ನೀರು ಬಕೆಟ್ಟಿಗೆ, ಬಕೆಟ್ಟಿನಿಂದ ಕರಿಬೇವಿನ ಗಿಡಕ್ಕೆ. ಗುಂಡ್ಲುಪೇಟೆಯಿಂದ ಬಂದ ನನ್ನ ಷಡ್ಡಕ ಗೊತ್ತಿಲ್ಲದೆ ಆ ನೀರಿನಲ್ಲಿ ಕಾಲು ತೊಳೆದುಕೊಂಡು, ಊಟ ಮುಗಿಯುವವರೆಗೂ ಇರುವೆ ಕೊಡವುತ್ತ ಕೂತಿದ್ದರು. ಆಮೇಲೆ ಅವರು ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ಮೂಸಿ ನೋಡಿ ನಂತರ ನೀರು ಮುಟ್ಟುತ್ತಾರೆ.

ಇದೆಲ್ಲದರ ಮೇಲೆ ನನ್ನ ದೊಡ್ಡ ಶೋಧ ಬೂದಿ ನೀರು. ನಮ್ಮ ಬಚ್ಚಲಿನಲ್ಲಿ ಈಗಲೂ ಹಂಡೆ ಒಲೆ ಇದೆ. ತೆಂಗಿನ ಗರಿ, ಚಿಪ್ಪು ಉರಿದು ದಿನಕ್ಕೊಂದು ಬುಟ್ಟಿ ಬೂದಿ ಬೀಳುತ್ತದೆ. ಹಿಂದೆ ನಮ್ಮಜ್ಜಿ ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಆ ತಿಳಿಯಲ್ಲಿ ಬಟ್ಟೆ ನೆನೆಹಾಕುತ್ತಿದ್ದಳು. ಸೋಪಿನ ಪುಡಿ ಯಾರಿಗೆ ಬೇಕು? ಮೊದಲು ಟವೆಲ್ಲು, ಒರೆಸುವ ಬಟ್ಟೆ ಹಾಕಿ ಪರೀಕ್ಷೆ ಮಾಡಿದೆ. ಚೆನ್ನಾಗಿಯೇ ಬಂದವು. ಸೀರೆಯನ್ನು ಮಾತ್ರ ಮಂಗಳಾ ಕೊಡಲಿಲ್ಲ. ಅಡ್ಡ ನಿಂತು, "ಬೇಕಾರೆ ನಿಮ್ ಮೈನೇ ಅದ್ಕಳಿ" ಅಂದಳು.

ಹೀಗಿರುವಾಗ ತೆರಕಣಾಂಬಿಯಿಂದ ನಮ್ಮ ಮಾವ ಬಂದರು. ಅವರ ತಂಗಿಯ ಮಗನಿಗೆ ಪುಣಜನೂರಿನಲ್ಲಿ ಹೆಣ್ಣು ಗೊತ್ತಾಗಿತ್ತು. ನೋಡುವ ಶಾಸ್ತ್ರವೆಲ್ಲ ಮುಗಿದು, ಹಿರಿಯರೊಬ್ಬರು ಹೋಗಿ ಕೊನೆಯ ಮಾತಾಡಿ ಬರುವುದಷ್ಟೇ ಬಾಕಿ. ಆ ಹಿರಿಯರು ಮಾವ, ಜೊತೆಗೆ ನಾನು. ರಾತ್ರಿ ನಮ್ಮಲ್ಲಿ ಉಳಿದು ಬೆಳಿಗ್ಗೆ ಬಸ್ಸು ಹಿಡಿಯುವುದೆಂದು ಗೊತ್ತುಪಡಿಸಿದ್ದೆವು. ಮಾವ ಅರಿಶಿನ ಬೆಳೆಯುವವರು, ಆರಡಿ ಆಳು. ಮೈಮೇಲೆ ಬಿಳಿ ಪಂಚೆ, ಬಿಳಿ ಅಂಗಿ ಬಿಟ್ಟು ಬೇರೆ ಬಣ್ಣ ನಾನು ಕಂಡಿಲ್ಲ. ತಂದಿದ್ದೂ ಉಟ್ಟಿದ್ದೊಂದೇ ಜೊತೆ, ಅದಕ್ಕೆ ಬಸ್ಸಿನ ಧೂಳು ಮೆತ್ತಿತ್ತು. "ನಾಳೀಕ್ ಇದ್ನೇ ಉಟ್ಕಂಡ್ ಓಗನ ಬುಡಿ ಅಳಿಮಯ್ಯ" ಅಂದರು. ನಾನು ಬಿಡಲಿಲ್ಲ. ಹುಡುಗನ ಕಡೆಯ ಹಿರಿಯರು ಧೂಳಿನ ಪಂಚೆಯಲ್ಲಿ ಹೋಗುವುದೇ? ನಿಜ ಹೇಳಬೇಕೆಂದರೆ ಬೂದಿ ನೀರಿನ ಮಹಿಮೆಯನ್ನು ಮಾವನಿಗೆ ತೋರಿಸುವ ಆಸೆ ನನಗಿತ್ತು. ಅವರಿಗೊಂದು ಲುಂಗಿ ಕೊಟ್ಟು ಬಟ್ಟೆ ಇಸಿದುಕೊಂಡೆ.

ಎಂದಿನ ಸೋಸುವ ಬಟ್ಟೆ ಸಿಗಲಿಲ್ಲ. ಬಾಗಿಲ ಹಿಂದೆ ಒಂದು ಹತ್ತಿಯ ಚೀಲ ನೇತಾಡುತ್ತಿತ್ತು. ಅದು ಅತ್ತೆ ಮನೆಯ ಅರಿಶಿನ ಕುಟ್ಟಿಸಿ ಪುಡಿ ಕಳಿಸಿದ್ದ ಚೀಲ. ಕೊಡವಿದೆ, ಒಂದು ಸಲ ನೀರಿನಲ್ಲಿ ಜಾಲಿಸಿದೆ. ಎಸೆಯುವ ವಸ್ತುವಿಗೂ ಒಂದು ಕೆಲಸ ಕೊಟ್ಟೆನಲ್ಲ ಎಂದು ಹೆಮ್ಮೆಪಟ್ಟುಕೊಂಡೇ ಅದರಲ್ಲಿ ಬೂದಿ ನೀರು ಸೋಸಿದೆ. ಆಗ ಮುಸ್ಸಂಜೆ. ನಿಯಮ ಮಾಡಿದವನು ನಾನೇ ಆದ್ದರಿಂದ ಬಚ್ಚಲಿನ ದೀಪ ಹಾಕಲಿಲ್ಲ. ಪಂಚೆ, ಅಂಗಿ ಎರಡನ್ನೂ ನೆನೆಹಾಕಿ, ಉಜ್ಜಿ, ನೀರು ಹಾಳಾಗದಿರಲೆಂದು ಒಂದೇ ಒಂದು ಸಲ ಜಾಲಾಡಿ, ಹಿತ್ತಲಿನ ತಂತಿಗೆ ಹರವಿ ಬಂದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಮಾವನ ದನಿ.

"ಅಳಿಮಯ್ಯ, ಇದ್ಯಾರ್ ಪಂಚೆ?"

ತಂತಿಯ ಮೇಲೆ ಒಂದು ಕಡೆ ಹಳದಿ, ಒಂದು ಕಡೆ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣದ ಏನೋ ಒಂದು ನೇತಾಡುತ್ತಿತ್ತು. ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪಗೆ ಮಾಡಿ ಆರತಿ ಎತ್ತುತ್ತೇವಲ್ಲ, ಅದೇ ಬಣ್ಣ. ಸುಣ್ಣ ಮಾಡುವ ಕೆಲಸವನ್ನು ಬೂದಿ ನೀರೂ ಮಾಡುತ್ತದೆಂದು ನನಗೆ ಹೊಳೆದಿರಲಿಲ್ಲ. ಚೀಲದ ಹೊಲಿಗೆಯ ಸಂದಿನಲ್ಲಿ ಉಳಿದಿದ್ದ ಪುಡಿಯೆಲ್ಲ ಮಾವನ ಬಟ್ಟೆ ಸೇರಿತ್ತು.

"ಅರಿಸ್ನ ಬೆಳ್ಯೋನ ಮಗಳ್ನ ಮದ್ವೆಯಾಗಿ ಇಷ್ಟು ವರ್ಸ ಆಯ್ತು. ಅರಿಸ್ನ ಏನು ಅಂತ ಇನ್ನೂ ಗೊತ್ತಾಗ್ನಿಲ್ವಾ?" ಎಂದು ಮಾವ ಮೆಲ್ಲಗೆ ಕೇಳಿದರು. ಜೋರಾಗಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂಗಡಿ ಬಾಗಿಲು ತೆಗೆಯಲು ಇನ್ನೂ ಹೊತ್ತಿತ್ತು. ನನ್ನ ಅಂಗಿ ಅವರ ಒಂದು ತೋಳಿಗೂ ಸಾಲದು. ಅಲ್ಲಿ ಹೆಣ್ಣಿನ ಮನೆಯವರು ಕಾಯುತ್ತಿದ್ದರು.

ಮಂಗಳಾ ಬಂದು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡು ಸ್ವಲ್ಪ ಹೊತ್ತು ನಕ್ಕಳು, ಆಮೇಲೆ ಕೆಲಸಕ್ಕೆ ಇಳಿದಳು. ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ಅದ್ದಿದರೆ ಕೆಂಪೆಲ್ಲ ಹೋಗಿ ಹಳದಿಯಾಯಿತು. ಆದರೂ ತೇಪೆ ತೇಪೆ. "ಎಲ್ಲೆಲ್ಲೂ ಒಂದೇ ಸಮ ಆಗ್ಲಿ" ಎಂದು ಇಡೀ ಪಂಚೆ, ಅಂಗಿಯನ್ನು ಅರಿಶಿನದ ನೀರಿನಲ್ಲೇ ಮುಳುಗಿಸಿ ತೆಗೆದಳು. ಹಸಿ ಆರಲೆಂದು ಫ್ಯಾನು ಹಾಕಿ, ಅರ್ಧ ಗಂಟೆ ಇಸ್ತ್ರಿ ಹೊಡೆದಳು. ಮೀಟರು ಗಿರಗಿರ ಓಡುವುದು ನನಗೆ ಕೇಳಿಸುತ್ತಿತ್ತು.

ಪುಣಜನೂರಿನಲ್ಲಿ ಹೆಣ್ಣಿನ ತಂದೆ ಮಾದಪ್ಪನವರು ಬಾಗಿಲಿಗೆ ಬಂದವರು ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಟ್ಟನೆ ಕೈಮುಗಿದರು. ದೇವರಿಗೆ ಹರಕೆ ಹೊತ್ತವರು ಹಳದಿ ಉಡುವುದು ರಾಜ್ಯದ ಗಡಿಗೆ ಅಂಟಿದ ಆ ಊರುಗಳ ಕಡೆ ರೂಢಿ. "ಅಯ್ಯೋ ಸ್ವಾಮಿ, ವ್ರತದಲ್ಲಿದ್ದೀರಿ ಅಂತ ಗೊತ್ತಾಗಿದ್ರೆ ಕೋಳಿ ಕುಯ್ತಾನೇ ಇರ್ನಿಲ್ವಲ್ಲ!" ಅಂದರು. ಒಳಗಿನಿಂದ ನಾಟಿ ಕೋಳಿ ಸಾರಿನ ಘಮ ಆಗಲೇ ಪಡಸಾಲೆಗೆ ಬಂದಿತ್ತು. ಆ ಸಾರಿನ ಮಾತನ್ನು ಮಾವ ಬಸ್ಸಿನಲ್ಲಿ ಎರಡು ಸಲ ಆಡಿದ್ದರು.

"ಎಲ್ಲೀಗಂಟ ಹರಕೆ?" ಎಂದು ಮಾದಪ್ಪ ಕೇಳಿದರು.

ಮಾವ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ನಿಜ ಹೇಳಬಹುದಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕು ಅವರಿಗೆ ಕೋಳಿ ಬಡಿಸುತ್ತಿದ್ದರು. ಆದರೆ ಆ ನಗೆಯೆಲ್ಲ ನನ್ನ ಮೇಲೆ ಬೀಳುತ್ತಿತ್ತು.

"ಮದ್ವೆ ಆಗೋಗಂಟ" ಅಂದರು ಮಾವ.

ಮಾದಪ್ಪನವರ ಮುಖ ಅರಳಿತು. ಹುಡುಗನಿಗಾಗಿ ಸೋದರಮಾವ ಹರಕೆ ಹೊತ್ತಿದ್ದಾರೆಂದ ಮೇಲೆ ಇನ್ನೇನು ಯೋಚನೆ? ಅರ್ಧ ಗಂಟೆಯಲ್ಲಿ ಎಲೆ ಅಡಿಕೆ ಬದಲಾಯಿತು. ಮಾವನ ಎಲೆಗೆ ಬಾಳೆಹಣ್ಣು, ಹಾಲು ಬಂತು. ಪ್ಯಾಂಟು ತೊಟ್ಟಿದ್ದ ನನ್ನ ಎಲೆಗೆ ಮುದ್ದೆ, ಕೋಳಿ ಸಾರು. ಬೇಡವೆನ್ನಬೇಕಿತ್ತು, ಗೊತ್ತು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಎರಡು ಸಲ ಬಡಿಸಿಕೊಂಡೆ.

ವಾಪಸ್ಸು ಬರುವಾಗ ಮಾವ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದರು. ಅರ್ಧ ದಾರಿಯಲ್ಲಿ, ಹೊರಗೆ ನೋಡುತ್ತಲೇ, "ಸಾರು ಎಂಗಿತ್ತು ಅಳಿಮಯ್ಯ?" ಎಂದು ಕೇಳಿದರು.

"ಉಪ್ಪು ಸ್ವಲ್ಪ ಜಾಸ್ತಿ" ಅಂದೆ.

"ಅದ್ಕೇಯಾ ಎಲ್ಡು ಸತಿ ಆಕುಸ್ಕಂಡ್ರಿ?" ಎಂದು ಮಾವ ನಕ್ಕರು. ಅವರು ನಕ್ಕಿದ್ದರಿಂದ ನನಗೆ ಮತ್ತಷ್ಟು ಸಂಕಟವಾಯಿತು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಬಾಯಲ್ಲಿ ಬಂದ ಮೇಲೆ ಹರಕೆ ಹರಕೆಯೇ ಎಂದು ಮಾವ ನಿಜವಾಗಿಯೂ ಬಾಡು ಬಿಟ್ಟರು. ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಸುದ್ದಿ ಕೇಳಿದ ಮಂಗಳಾ, "ನಮ್ಮಪ್ಪ ಬುಟ್ಟಿರುವಾಗ ಈ ಮನೇಲಿ ಯಾರೂ ತಿನ್ನಂಗಿಲ್ಲ" ಎಂದು ಘೋಷಿಸಿಬಿಟ್ಟಳು. ಎರಡು ತಿಂಗಳು ನಮ್ಮ ಮನೆಗೆ ಕೋಳಿ, ಕುರಿ ಯಾವುದೂ ಬರಲಿಲ್ಲ. ದೀಪ ಆರಿಸಿ, ಅಕ್ಕಿ ನೀರು ಹಿಡಿದು, ಸೋಪು ಬಿಟ್ಟು ನಾನು ಉಳಿಸಿದ್ದೆಲ್ಲ ಸೇರಿದರೂ ಇದರ ಮುಂದೆ ಏನೂ ಅಲ್ಲ. ಉಳಿತಾಯದಿಂದ ನನಗೆ ದುಃಖವಾಗಿದ್ದು ಅದೇ ಮೊದಲು.

ಮದುವೆಗೆ ನಾಲ್ಕು ದಿನವಿರುವಾಗ ಮಾವ ಫೋನು ಮಾಡಿದರು. ಅಂಗಳದ ಬಿಸಿಲಿಗೆ ಹಾಕಿ ಹಾಕಿ ಅವರ ಪಂಚೆ, ಅಂಗಿಯ ಅರಿಶಿನವೆಲ್ಲ ಹಾರಿ ಮೊದಲಿನ ಹಾಗೆ ಬೆಳ್ಳಗಾಗಿದ್ದವು. ಹೆಣ್ಣಿನ ಕಡೆಯವರೋ, ಹರಕೆಯ ಬಟ್ಟೆಯಲ್ಲೇ ನಿಂತು ಧಾರೆ ಮುಗಿಸಿಕೊಡಬೇಕು ಎಂದು ಹೇಳಿ ಕಳಿಸಿದ್ದರು. "ಬಟ್ಟೆ ಕಳುಸ್ತೀನಿ, ಇನ್ನೊಂದು ಸತಿ ನಿಮ್ಮ ಬೂದಿ ನೀರ್ನಲ್ಲಿ ಒಗ್ದು ಕೊಡಿ ಅಳಿಮಯ್ಯ" ಎಂದರು. ನಾನು ಬೂದಿ ನೀರು ಕಲಸಿಡಲು ಹುರುಪಿನಿಂದ ಎದ್ದೆ. ಮಂಗಳಾ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಳು.

ಕೊನೆಗೆ ದೊಡ್ಡಂಗಡಿ ಬೀದಿಯಲ್ಲಿ ಹೊಸ ಹಳದಿ ಪಂಚೆ, ಹೊಸ ಅಂಗಿ ಕೊಂಡೆ. ಬಾಡು ಬಿಟ್ಟು ಉಳಿಸಿದ್ದೆಲ್ಲ ಅಲ್ಲಿಗೆ ಸರಿಹೋಯಿತು. ಅಂಗಡಿಯವನು ಪ್ಲಾಸ್ಟಿಕ್ ಕವರು ಬಿಡಿಸಿದ. ಬೇಡ, ಮನೆಯಿಂದ ಚೀಲ ತಂದಿದ್ದೇನೆ ಅಂದೆ. ಅದೇ ಅರಿಶಿನದ ಚೀಲ. ಅದರಲ್ಲಿ ಹೆದರದೆ ಇಡಬಹುದಾದ ಬಟ್ಟೆ ಎಂದರೆ ಅದೊಂದೇ.

ಮನೆಗೆ ಬಂದಾಗ ಮುಸ್ಸಂಜೆ. ಮಂಗಳಾ ಚೀಲ ನೋಡಿದವಳೇ ಬಟ್ಟೆಯನ್ನು ಹೊರಗೆಳೆದು, ಬಚ್ಚಲಿನ ದೀಪ ಹಾಕಿ, ತಿರುಗಿಸಿ ಮುರುಗಿಸಿ ಪರೀಕ್ಷಿಸಿದಳು. ಎಲ್ಲ ಸರಿಯಿದೆಯೆಂದು ಖಾತ್ರಿಯಾದ ಮೇಲೆ ದೀಪ ಉರಿಯಲು ಬಿಟ್ಟು, ನನ್ನನ್ನೇ ಒಮ್ಮೆ ದಿಟ್ಟಿಸಿ ಒಳಗೆ ಹೋದಳು. ಇಷ್ಟೆಲ್ಲ ಆದ ಮೇಲೆ ನಾನು ಆ ದೀಪವನ್ನು ಮುಟ್ಟುವಂತಿರಲಿಲ್ಲ. ಅವಳು ಅಡುಗೆಮನೆ ಸೇರುವವರೆಗೆ ಕಾದು, ಸದ್ದಾಗದ ಹಾಗೆ ಹೋಗಿ ಆರಿಸಿ ಬಂದೆ.