ಹತ್ತೊಂಬತ್ತನೆಯ ಮುಳ್ಳು

ಮನೋಳಿಯ ಟೆಂಪೋ ಡ್ರೈವರ್ ರಹಿಮಾನಸಾಬ ಆ ಭಾನುವಾರಕ್ಕೆ ಎರಡು ಘನಕಾರ್ಯಗಳನ್ನು ಹಮ್ಮಿಕೊಂಡಿದ್ದ. ಒಂದು, ಹೊತ್ತು ಏರುವುದರೊಳಗೆ ಗೆಳೆಯ ದುಂಡಪ್ಪನ ಗೋವಿನಜೋಳದ ಹೊಲದಿಂದ ಕಾಡುಹಂದಿಗಳನ್ನು ಮಲಪ್ರಭೆಯ ಆಚೆ ದಡಕ್ಕೆ ಅಟ್ಟುವುದು. ಎರಡು, ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ತಮ್ಮ ಮುಜಫ್ಫರನ ಜೊತೆ ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಉಣ್ಣುವುದು. ಮೊದಲನೆಯದು ಅವನ ಬೇಟೆನಾಯಿ ಬಿಜಲಿಯ ಜವಾಬ್ದಾರಿ. ಎರಡನೆಯದು ಹೆಂಡತಿ ಮೆಹರುನಬಿಯ ಜವಾಬ್ದಾರಿ. ಸಾಹೇಬರ ಪಾಲಿಗೆ ಉಳಿದದ್ದು ಮೀಸೆ ತೀಡುವ ಕೆಲಸವೊಂದೇ.

"ಇವತ್ತೊಂದಿನ ಹೋಗಬ್ಯಾಡ್ರಿ," ಎಂದಳು ಮೆಹರುನಬಿ. "ನಿಮ್ಮ ತಮ್ಮ ಹೆಂಡತಿನ್ನ ಕರಕೊಂಡು ರಾಮದುರ್ಗದಿಂದ ಬರಾಕತ್ತಾನ. ಒಂದ ಮಾತು ಹೆಚ್ಚುಕಮ್ಮಿ ಆದ್ರ ಮತ್ತ ಈ ಹೊಸ್ತಲಾ ತುಳಿಯಾಂವಲ್ಲ."

"ಹತ್ತ ಮಿನಿಟಿನ ಕೆಲಸ. ಕೊಲ್ಲೋದಲ್ಲ, ಬರೇ ಓಡಸೋದು. ಬಿಜಲಿ ಮಾರಿ ನೋಡಿದ್ರ ಸಾಕು, ಹಂದಿ ತಾವ ಗಂಟುಮೂಟಿ ಕಟ್ಟತಾವು."

ಬಿಜಲಿ ಮುಧೋಳ ತಳಿಯ ಹೆಣ್ಣುನಾಯಿ. ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ, ಮಹಾರಾಣಿಯ ಗತ್ತು. ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತುವುದು ಅದರ ವಂಶದ ಧರ್ಮ. ಬೆನ್ನು ಹತ್ತಿದ್ದು ಏನು ಎಂದು ಯೋಚಿಸುವುದು ಆ ವಂಶದಲ್ಲಿ ಯಾರಿಗೂ ರೂಢಿಯಿರಲಿಲ್ಲ. ಯಜಮಾನನಿಗೂ ಇರಲಿಲ್ಲ ಎನ್ನುವುದು ಮೆಹರುನಬಿಯ ಅಭಿಪ್ರಾಯ.

ಹೊಲದಲ್ಲಿ ಹಂದಿಗಳು ಇರಲಿಲ್ಲ. ಬದುವಿನ ಮಗ್ಗುಲಲ್ಲಿ ಕಪ್ಪನೆಯದೊಂದು ಗಂಟು ತನ್ನ ಬಿಲದ ಕಡೆಗೆ ಕುಲುಕುತ್ತ ಹೊರಟಿತ್ತು. ಬಿಜಲಿ ಹಗ್ಗ ಕಿತ್ತುಕೊಂಡು ನುಗ್ಗಿತು. ಆ ಗಂಟು ಓಡಲಿಲ್ಲ. ನಿಂತಿತು, ಬೆನ್ನು ತಿರುಗಿಸಿತು, ಮೈಯನ್ನೆಲ್ಲ ಕೆದರಿಕೊಂಡು ಗಲಗಲ ಸದ್ದು ಮಾಡುತ್ತ ಹಿಮ್ಮುಖವಾಗಿ ಬಿಜಲಿಯ ಮೇಲೇ ಏರಿ ಬಂತು. ಮುಳ್ಳುಹಂದಿ! ಅಂಡು ತೋರಿಸಿ ಯುದ್ಧಕ್ಕೆ ಬರುವ ಶತ್ರುವನ್ನು ಬಿಜಲಿ ಕಂಡಿದ್ದು ಅದೇ ಮೊದಲು. ಒಂದೇ ಕ್ಷಣದಲ್ಲಿ ಮೂತಿಯ ತುಂಬ ಕಪ್ಪು ಬಿಳುಪು ಮುಳ್ಳು ನೆಟ್ಟುಕೊಂಡು ಕುಂಯ್ಗುಡುತ್ತ ಯಜಮಾನನ ಕಾಲಿಗೆ ಬಿತ್ತು.

ದುಂಡಪ್ಪ ಮೊದಲು ಅದರ ಮುಖದೆದುರು ಕೂತು ಒಂದು ಫೋಟೋ ತೆಗೆದುಕೊಂಡ, ಆಮೇಲೆ ಅಯ್ಯೋ ಎಂದ. "ಹಂದಿ ಓಡಸ್ತೇನಿ ಅಂದಿದ್ದಿ ಸಾಬಾ. ಯಾವ ಹಂದಿ ಅಂತ ಮದಲ ಕೇಳಬೇಕಾಗಿತ್ತು."

ಮನೆಯ ಅಂಗಳಕ್ಕೆ ತಂದು ಸವದತ್ತಿಯ ದನದ ಡಾಕ್ಟರಿಗೆ ಫೋನು ಹಚ್ಚಿದರು. "ಕೀಳೂದಕ್ಕಿಂತ ಮುಂಚೆ ಎಣಿಸ್ರಿ," ಎಂದರು ಡಾಕ್ಟರು. "ಒಂದ ಒಳಗ ಉಳದ್ರೂ ತ್ರಾಸ ಆಗತೈತಿ." ಬಿಜಲಿ ತಲೆ ಕೊಡವುತ್ತಲೇ ಇತ್ತು, ರಹಿಮಾನಸಾಬ ಎಣಿಸುತ್ತಲೇ ಇದ್ದ. ಹತ್ತೊಂಬತ್ತು. ಕನ್ನಡಿಯಲ್ಲಿ ಒಮ್ಮೆ ನೋಡಿ ಟೆಂಪೋದ ಮಂದಿಯನ್ನೆಲ್ಲ ಎಣಿಸುವ ಮನುಷ್ಯ, ಅವನ ಲೆಕ್ಕ ತಪ್ಪುವುದುಂಟೇ!

ಮುಳ್ಳು ಕೀಳುವ ಪಕ್ಕಡ ಹತ್ತಿರ ಬಂದದ್ದೇ ತಡ, ಬಿಜಲಿ ಕೈ ತಪ್ಪಿಸಿಕೊಂಡು ತಾನು ಹುಟ್ಟಿದಾಗಿನಿಂದ ದಾಟದ ಹೊಸ್ತಿಲನ್ನು ಹಾರಿ ಮನೆಯೊಳಗೆ ನುಗ್ಗಿತು. ನಾಯಿ ಹೊರಗೆ ಎನ್ನುವುದು ಮೆಹರುನಬಿಯ ಕಾನೂನು. ಕಾನೂನು ಮುರಿದು ಮಂಚದ ಕೆಳಗೆ ಒಂದು ಸುತ್ತು, ಹಾಸಿಗೆಯ ಮೇಲೆ ಒಂದು ಸುತ್ತು, ಊಟಕ್ಕೆ ಹಾಸಿದ್ದ ದಸ್ತರಖಾನದ ಮೇಲೆ ಮೂತಿ ಉಜ್ಜಿ ಮತ್ತೆ ಅಂಗಳಕ್ಕೆ. ಗಂಡ ಹೆಂಡತಿ ಸೇರಿ ಹಿಡಿದು ಒಂದೊಂದಾಗಿ ಕಿತ್ತರು. ತಟ್ಟೆಯಲ್ಲಿ ಬಿದ್ದದ್ದು ಹದಿನೆಂಟು. ಬಾಯಿ ತೆರೆಸಿ ನೋಡಿದರು, ಮೂತಿಯನ್ನೆಲ್ಲ ಬೆರಳಿನಿಂದ ಸವರಿ ನೋಡಿದರು. ಇನ್ನೊಂದಿಲ್ಲ.

ಮೆಹರುನಬಿಯ ಮುಖ ಬಿಳಿಚಿಕೊಂಡಿತು. "ಮನ್ಯಾಗ ಬಿದ್ದೈತಿ."

"ಬಿದ್ರ ಬೀಳಲಿ."

"ಮುಳ್ಳಹಂದಿ ಮುಳ್ಳು ಬಿದ್ದ ಮನ್ಯಾಗ ಜಗಳ ಹತ್ತತೈತ್ರಿ. ನಮ್ಮವ್ವ ಅಂಥಾ ಮನಿ ಇದ್ರ ಓಣಿನ ಬಿಟ್ಟು ತಿರುಗತಿದ್ಲು."

ರಹಿಮಾನಸಾಬ ನಗಲು ಹೋದ. ಗಡಿಯಾರ ಕಂಡಿತು, ಹನ್ನೊಂದು. ಒಂದು ಗಂಟೆಗೆ ತಮ್ಮ ಬರುತ್ತಾನೆ. ಜಗಳ ಹಚ್ಚುವ ಮುಳ್ಳು ಸುಳ್ಳೋ ನಿಜವೋ, ಇವತ್ತೇ ಪರೀಕ್ಷೆ ಮಾಡಬೇಕೆ?

ಗಂಡ, ಹೆಂಡತಿ, ಮಗಳು ಫರೀನ್ ಮೂವರೂ ಹುಡುಕಲು ನಿಂತರು. ಹಾಸಿಗೆ ಕೊಡವಿದರು, ದಿಂಬು ಹಿಂಡಿದರು, ಅಕ್ಕಿಯ ಡಬ್ಬಿಯನ್ನೂ ಸುರುವಿದರು, ನಾಯಿ ಅದರೊಳಗೆ ಹೊಕ್ಕಿರಲಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ. ಒಲೆಯ ಮೇಲೆ ಬಿರಿಯಾನಿ ಒಂಟಿಯಾಗಿ ಬೇಯುತ್ತಿತ್ತು.

"ನಾಯಿ ಹಿಡಿಯಾಕ ಬರದಾವ್ರು ಬ್ಯಾಟಿಗೆ ಹೋಗಬಾರದು," ಎಂದುಬಿಟ್ಟಳು ಮೆಹರುನಬಿ. ಥಟ್ಟನೆ ಬಾಯಿಗೆ ಸೆರಗು ಒತ್ತಿದಳು. "ಇದು ನಾ ಅಂದದ್ದಲ್ರಿ. ಮುಳ್ಳು ಅನ್ನಸಾಕತ್ತೈತಿ."

ರಹಿಮಾನಸಾಬನಿಗೆ ಈ ಸೌಲಭ್ಯ ಬಹಳ ಹಿಡಿಸಿತು. "ಹಂಗಾರ ನನ್ನ ಕಡಿಂದನೂ ಅನ್ನಸಾಕತ್ತೈತಿ. ನಿನ್ನ ಸಾರಿಗೆ ಇಪ್ಪತ್ತೆರಡು ವರ್ಷದಿಂದ ಉಪ್ಪು ಜಾಸ್ತಿ."

"ಆ ಮುಳ್ಳಿಗೆ ಹೇಳ್ರಿ, ನಿಮ್ಮ ಗೊರಕಿಗೆ ಬಾಜೂ ಮನಿ ಎಮ್ಮಿ ಹಾಲ ಕೊಡೋದು ಬಿಟ್ಟೈತಿ ಅಂತ."

"ಅಬ್ಬಾ, ನನಗೂ ಅನ್ನಸಾಕತ್ತೈತಿ," ಎಂದಳು ಫರೀನ್ ಅಪ್ಪನಿಗೆ. "ಕಾಲೇಜಿನ ಗೇಟಿನ ಮುಂದ ಟೆಂಪೋ ನಿಂದ್ರಿಸಿ ಹಾರ್ನ್ ಹೊಡಿಬ್ಯಾಡ್ರಿ."

"ಇದೂ ಮುಳ್ಳಿನ ಮಾತೇನು?"

"ಹೌದು."

ಮುಳ್ಳು ಹೀಗೆ ಮೂರು ಬಾಯಿಂದ ಮಾತಾಡುತ್ತ, ದನಿ ಏರುತ್ತ, ರಹಿಮಾನಸಾಬ ಮಂಚದ ಕೆಳಗೆ ಅರ್ಧ ಹೊಕ್ಕು ಬರೀ ಹಿಂಭಾಗ ಹೊರಗಿಟ್ಟುಕೊಂಡು ಬೈಯುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಮುಜಫ್ಫರ ಮತ್ತು ಅವನ ಹೆಂಡತಿ ಮಹೇಕ್ ಅರ್ಧ ಗಂಟೆ ಮೊದಲೇ ಬಂದಿದ್ದರು.

"ಒಳಗ ಬರಬ್ಯಾಡ್ರಿ," ಎಂದು ಕೂಗಿಬಿಟ್ಟಳು ಮೆಹರುನಬಿ.

ನಾಲ್ಕು ವರ್ಷದ ಮೇಲೆ ಮನೆಗೆ ಬಂದ ಮೈದುನನಿಗೆ ಇದು ಸ್ವಾಗತ. ಮುಜಫ್ಫರನ ಮುಖ ಬಿಗಿಯಿತು. ಅವನ ಕೈಯಲ್ಲಿದ್ದ ಮಿಠಾಯಿ ಪೊಟ್ಟಣ ಹಿಂದಕ್ಕೆ ಸರಿಯಿತು. ರಹಿಮಾನಸಾಬ ಮಂಚದ ಕೆಳಗಿಂದಲೇ ಅದನ್ನು ಕಂಡ. ಎಲ್ಲ ಮುಗಿಯಿತು ಅನ್ನಿಸಿತು. ಎದ್ದು ಮಾತಾಡಲು ಹೋಗಿ ಮಂಚಕ್ಕೆ ತಲೆ ಬಡಿಸಿಕೊಂಡ. ಕಡೆಗೆ ಮೆಹರುನಬಿಯೇ ಅಳು ದನಿಯಲ್ಲಿ ನಾಯಿ, ಮುಳ್ಳು, ಜಗಳ ಎಲ್ಲವನ್ನೂ ಹೇಳಿದಳು. "ನೀವು ಒಳಗ ಬಂದು ಮತ್ತ ಜಗಳಾಗಬಾರದು ಅಂತ ಹಂಗ ಅಂದೆ."

ಮುಜಫ್ಫರ ಚಪ್ಪಲಿ ಬಿಟ್ಟ, ತೋಳು ಮಡಿಚಿದ, ಬಂದು ಮಂಚದ ಇನ್ನೊಂದು ಕಡೆಯಿಂದ ಮಂಡಿಯೂರಿ ಹುಡುಕತೊಡಗಿದ.

"ಭಾಯಿ, ಇದು ನಾ ಅನ್ನಾಕತ್ತಿದ್ದಲ್ಲ, ಮುಳ್ಳು," ಎಂದು ಆ ಕಡೆಯಿಂದ ದನಿ ಬಂತು. "ನನ್ನ ಅಂಗಡಿ ಸುರು ಮಾಡೋ ದಿನ ನೀ ಯಾಕ ಬರಲಿಲ್ಲ?"

ನಾಲ್ಕು ವರ್ಷದ ಮೌನದ ಬುಡ ಅದೇ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ನನ್ನ ಮುಳ್ಳೂ ಹೇಳತೈತಿ ಕೇಳು," ಎಂದ ರಹಿಮಾನಸಾಬ. "ಕರಿಯೋ ಕಾರ್ಡ ಗೇಟಿನಾಗ ಫರೀನ್ ಕೈಯಾಗ ತುರುಕಿ ಹೋದಿ. ಒಳಗ ಬಂದು ಕುಂತು, ಭಾಯಿ ಬಾ ಅಂದಿದ್ರ ಓಡಿ ಬರತಿದ್ದೆ. ನಾ ಏನ ಹೊರಗಿನಾವನೇನು?"

"ಒಳಗ ಹೆಂಗ ಬರಲಿ? ನಿನ್ನ ನಾಯಿ ಬಾಗಲಾಗ ಅಡ್ಡ ಮಲಗಿತ್ತು."

"ನಾಯಿಗೆ ಅಂಜಿದ್ದಿ?"

"ಈಗೂ ಅಂಜತೇನಿ. ಇವತ್ತ ಅದರ ಮಾರಿ ಬಾತು ಕುಂಬಳಕಾಯಿ ಆಗೇತಿ. ಏಳಾಂಗಿಲ್ಲ ಅಂತ ಧೈರ್ಯ ಮಾಡಿ ದಾಟಿದೆ."

"ಹಿಂಗ ಅಂತ ಆವಾಗ ಹೇಳಾಕ ಏನಾಗಿತ್ತು?"

"ಇಬ್ಬರು ಮಕ್ಕಳ ತಂದಿ ಆದಾಂವ ನಾಯಿಗೆ ಅಂಜತೇನಿ ಅಂತ ಹೆಂಗ ಹೇಳ್ಲಿ?"

ಮಂಚದ ನಟ್ಟನಡುವೆ ಅಣ್ಣ ತಮ್ಮಂದಿರ ತಲೆಗಳು ಎದುರಾದವು. ರಹಿಮಾನಸಾಬನ ಕಣ್ಣಲ್ಲಿ ನೀರು ಬಂದಿತ್ತು. ಧೂಳು ಎಂದ. ಮುಜಫ್ಫರ ತನಗೂ ಧೂಳೇ ಎಂದ.

ತಳ ಹಿಡಿದ ಬಿರಿಯಾನಿಯನ್ನು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು, ನಡುನಡುವೆ ಮುಳ್ಳಿನ ಹೆಸರಲ್ಲಿ ಇನ್ನಷ್ಟು ಬೈದುಕೊಂಡರು. ಹೊರಡುವಾಗ ಮುಜಫ್ಫರ ಬಿಜಲಿಯನ್ನು ಹತ್ತು ಅಡಿ ದೂರದಿಂದಲೇ ಬಳಸಿ ಗೇಟು ಮುಟ್ಟಿದ. "ಮುಂದಿನ ಐತವಾರ ಮತ್ತ ಬರತೇವಿ ಭಾಯಿ. ಮುಳ್ಳು ಸಿಗೋತನಕ ಹುಡುಕೂಣು."

ಅವರ ಗಾಡಿ ಓಣಿಯ ತಿರುವು ದಾಟಿದ ಮೇಲೆ ಫರೀನ್ ಫೋನು ಹಿಡಿದು ಬಂದಳು. ದುಂಡಪ್ಪ ಬಿಜಲಿಯ ಫೋಟೋವನ್ನು ಊರಿನ ಗ್ರೂಪಿಗೆ ಹಾಕಿದ್ದ. ಮೂತಿ ಸ್ಪಷ್ಟವಾಗಿ, ಎದುರಿನಿಂದ.

"ಅಬ್ಬಾ, ನಾ ಮೂರ ಸಲ ಎಣಿಸಿದೆ. ಹದಿನೆಂಟ ಅದಾವು. ಯಾವದೋ ಒಂದನ್ನ ನೀವು ಎರಡು ಸಲ ಎಣಿಸೀರಿ."

ರಹಿಮಾನಸಾಬ ಮೂಗಿಗೆ ಚಾಳೀಸು ಏರಿಸಿಕೊಂಡು ತಾನೂ ಎಣಿಸಿದ. ಹದಿನೆಂಟೇ. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಗಟ್ಟಿಯಾಗಿ ನಕ್ಕ.

"ಕೇಳಿದ್ಯಾ ಮೆಹರು? ಮನ್ಯಾಗ ಮುಳ್ಳು ಇರಲೇ ಇಲ್ಲ. ಸುಮ್ಮಸುಮ್ಮನ ಅಂಜಿದ್ದಿ."

ತಟ್ಟೆ ಎತ್ತುತ್ತಿದ್ದ ಮೆಹರುನಬಿ ನಿಂತಳು. "ಇರಲೇ ಇಲ್ಲೇನ್ರಿ?"

"ಇರಲೇ ಇಲ್ಲ."

ಅವಳು ತಟ್ಟೆಗಳನ್ನು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಅವನ ಎದುರಿಗೆ ನೆಟ್ಟಗೆ ಕೂತಳು.

"ಹಂಗಾರ ಈಗ ಹೇಳ್ರಿ. ಸಾರಿಗೆ ಉಪ್ಪು ಜಾಸ್ತಿ ಅಂದವ್ರು ಯಾರು?"